ಬಾಲ್ಯದ ಆಘಾತದ ಕುರಿತು ಸಂಶೋಧನೆ ಮಾಡುವವರಿಗೆ: ಒಂದು ಪ್ರಶ್ನೆ, ಕೆಲವರ ಅನುಭವ

ಪ್ರಶ್ನೆ

ನಮಸ್ಕಾರ. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದೇನೆ. ಬಾಲ್ಯದಲ್ಲಿ ಹಿಂಸೆಗೆ ಅಥವಾ ನಿರ್ಲಕ್ಷ್ಯಕ್ಕೆ ಒಳಗಾದವರ ಮಾನಸಿಕ ಆರೋಗ್ಯವನ್ನು ಅಧ್ಯಯನ ಮಾಡುವ ವಿಶ್ವವಿದ್ಯಾಲಯದ ತಂಡವೊಂದರಲ್ಲಿ ಪಿಎಚ್‌ಡಿಗೆ ಅವಕಾಶ ಸಿಕ್ಕಿದೆ. ಹದಿಹರೆಯದವರನ್ನೂ ವಯಸ್ಕರನ್ನೂ ಸಂದರ್ಶಿಸುವುದು ಕೆಲಸದ ಮುಖ್ಯ ಭಾಗ. ಸೇರುವ ಮೊದಲು ಏನನ್ನು ಓದಿಕೊಂಡಿರಬೇಕು, ಕೇಳಿದ್ದನ್ನೆಲ್ಲ ಮನಸ್ಸು ತಡೆದುಕೊಳ್ಳುವಂತೆ ಹೇಗೆ ನೋಡಿಕೊಳ್ಳಬೇಕು, ನನ್ನ ಬಾಲ್ಯವೂ ಸುಗಮವಾಗಿರಲಿಲ್ಲವಾದ್ದರಿಂದ ಅದನ್ನು ಗೈಡ್‌ಗೆ ಹೇಳಬೇಕೇ ಬೇಡವೇ ಎಂಬ ವಿಷಯಗಳಲ್ಲಿ ಅನುಭವ ಇರುವವರ ಸಲಹೆ ಬೇಕಾಗಿದೆ.

ಉತ್ತರ 1: ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವ ಪ್ರಾಧ್ಯಾಪಕಿ

ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಉಳಿದವುಗಳಿಗೆ ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲಿದ್ದಾರೆ.

ಈ ಕ್ಷೇತ್ರಕ್ಕೆ ಬರುವ ಹೆಚ್ಚಿನವರ ಓದು 1998ರಲ್ಲಿ ಪ್ರಕಟವಾದ ಫೆಲಿಟ್ಟಿ, ಆಂಡಾ ಮತ್ತು ಸಂಗಡಿಗರ ಅಧ್ಯಯನದಿಂದ ಆರಂಭವಾಗುತ್ತದೆ; ಎಸಿಇ (ಬಾಲ್ಯದ ಕಹಿ ಅನುಭವಗಳು ಎಂಬುದರ ಇಂಗ್ಲಿಷ್ ಸಂಕ್ಷೇಪ) ಅಧ್ಯಯನವೆಂದೇ ಅದು ಹೆಸರಾಗಿದೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಆರೋಗ್ಯ ತಪಾಸಣೆಗೆ ಬಂದ ವಯಸ್ಕರನ್ನು ಅವರ ಬಾಲ್ಯದ ಕಹಿ ಅನುಭವಗಳ ಬಗ್ಗೆ ಕೇಳಲಾಯಿತು. ಎರಡು ಸುತ್ತುಗಳಲ್ಲಿ ಒಟ್ಟು 17,000ಕ್ಕೂ ಹೆಚ್ಚು ಜನ ಅದರಲ್ಲಿ ಪಾಲ್ಗೊಂಡರು. ಅಂಥ ಅನುಭವಗಳ ಬಗೆಗಳು ಹೆಚ್ಚಾದಂತೆಲ್ಲ ಖಿನ್ನತೆ, ಆತ್ಮಹತ್ಯೆಯ ಯತ್ನ, ಮದ್ಯವ್ಯಸನ, ಹೃದ್ರೋಗ ಇವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಹೋಗುವುದನ್ನು ಆ ಅಧ್ಯಯನ ತೋರಿಸಿಕೊಟ್ಟಿತು. ಬಾಲ್ಯದ ನೋವನ್ನು ಸಾರ್ವಜನಿಕ ಆರೋಗ್ಯದ ವಿಷಯವನ್ನಾಗಿ ಮಾಡಿದ ಕೆಲಸ ಅದು, ಅದರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅಂಥ ಅನುಭವಗಳ ಬಗೆಗಳನ್ನು ಎಣಿಸಿ ಬರುವ ಅಂಕವನ್ನು ಒಬ್ಬೊಬ್ಬ ಮಗುವಿನ ಹಣೆಬರಹ ಓದಲು ಬಳಸುವ ರೂಢಿ ಶಾಲೆಗಳಲ್ಲಿಯೂ ಚಿಕಿತ್ಸಾಲಯಗಳಲ್ಲಿಯೂ ಬೆಳೆದಾಗ, ಆ ಅಂಕವನ್ನು ವ್ಯಕ್ತಿಯ ಮಟ್ಟದಲ್ಲಿ ಅಪಾಯ ಅಳೆಯುವುದಕ್ಕೆ ರೂಪಿಸಿಲ್ಲವೆಂದು 2020ರಲ್ಲಿ ಆಂಡಾ ಅವರೇ ಸಹಲೇಖಕರೊಡನೆ ಬರೆದು ಎಚ್ಚರಿಸಬೇಕಾಯಿತು. ಈ ಎರಡೂ ಲೇಖನಗಳನ್ನು ಜೊತೆಯಾಗಿ ಓದಿ. ದೊಡ್ಡ ಗುಂಪಿಗೆ ನಿಜವಾದದ್ದು ನಿಮ್ಮೆದುರು ಕುಳಿತ ಒಬ್ಬರಿಗೆ ನಿಜವಾಗಬೇಕಾಗಿಲ್ಲ ಎಂಬುದು ನಿಮ್ಮ ಥೀಸಿಸ್‌ನ ಪ್ರತಿ ಪುಟದಲ್ಲೂ ನೆನಪಿರಬೇಕಾದ ಮಾತು.

ಎರಡನೆಯದು ನೆನಪಿನ ವಿಷಯ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ವೈವಾದಲ್ಲಿ, ಅಂದರೆ ಥೀಸಿಸ್‌ನ ಮೌಖಿಕ ಪರೀಕ್ಷೆಯಲ್ಲಿ, ಪರೀಕ್ಷಕರು ತಪ್ಪದೆ ಕೈ ಹಾಕುವ ಜಾಗ ಇದು. ಬಾಲ್ಯದಲ್ಲಿ ಏನಾಯಿತೆಂದು ವಯಸ್ಕರನ್ನು ಕೇಳುವುದು ಒಂದು ವಿಧಾನ. ಬಾಲ್ಯದಲ್ಲೇ ದಾಖಲಾದದ್ದನ್ನು ಹಿಡಿದುಕೊಂಡು ಅದೇ ಮಕ್ಕಳನ್ನು ದೊಡ್ಡವರಾಗುವವರೆಗೆ ಹಿಂಬಾಲಿಸುವುದು ಇನ್ನೊಂದು. ಈ ಎರಡೂ ಒಂದೇ ಜನರನ್ನು ಗುರುತಿಸುತ್ತವೆ ಎಂದು ನಾವೆಲ್ಲ ಬಹುಕಾಲ ಅಂದುಕೊಂಡಿದ್ದೆವು. 2019ರಲ್ಲಿ ಬಾಲ್ಡ್‌ವಿನ್ ಮತ್ತು ಸಂಗಡಿಗರು ಲಭ್ಯವಿದ್ದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹೊಂದಿಕೆ ತೀರಾ ಕಡಿಮೆ ಇತ್ತು. ಬಾಲ್ಯದಲ್ಲಿ ದೌರ್ಜನ್ಯ ದಾಖಲಾಗಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ದೊಡ್ಡವರಾದ ಮೇಲೆ ಅದನ್ನು ಹೇಳಲಿಲ್ಲ. ದೊಡ್ಡವರಾದ ಮೇಲೆ ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ವಿಷಯದಲ್ಲಿ ಬಾಲ್ಯದ ದಾಖಲೆ ಇರಲಿಲ್ಲ. ಇದನ್ನು ಓದಿ ‘ಹಾಗಾದರೆ ವಯಸ್ಕರು ಹೇಳುವುದು ಸುಳ್ಳು’ ಎಂಬ ತೀರ್ಮಾನಕ್ಕೆ ಬಂದವರಿದ್ದಾರೆ. ಅದು ತಪ್ಪು ಮಾತ್ರವಲ್ಲ, ಕ್ರೂರವೂ ಹೌದು. ಅಧಿಕೃತ ದಾಖಲೆಗೆ ಬರುವ ಪ್ರಕರಣಗಳು ನಡೆದವುಗಳ ಒಂದು ಚಿಕ್ಕ ಪಾಲು ಮಾತ್ರ. ಹೇಳದೇ ಉಳಿಯುವುದಕ್ಕೆ ಮರೆವು, ನಾಚಿಕೆ, ಭಯ, ಆ ವಿಷಯವನ್ನು ಮತ್ತೆ ಮುಟ್ಟಲು ಮನಸ್ಸಿಲ್ಲದಿರುವುದು ಹೀಗೆ ಹಲವು ಕಾರಣಗಳಿರುತ್ತವೆ. ಇದರ ಮರುವರ್ಷ ಡನೀಸ್ ಮತ್ತು ವಿಡಮ್ ಇನ್ನೂ ಮುಂದೆ ಹೋದರು. ನ್ಯಾಯಾಲಯದ ದಾಖಲೆಯಲ್ಲಿ ದೌರ್ಜನ್ಯ ಇದ್ದು, ವ್ಯಕ್ತಿ ತಾನಾಗಿ ಅದನ್ನು ಹೇಳದಿದ್ದಾಗ ಮಾನಸಿಕ ಅನಾರೋಗ್ಯದ ಅಪಾಯ ಅಷ್ಟಾಗಿ ಹೆಚ್ಚಿರಲಿಲ್ಲ; ದಾಖಲೆ ಇರಲಿ ಇಲ್ಲದಿರಲಿ, ವ್ಯಕ್ತಿ ತಾನು ಅನುಭವಿಸಿದೆ ಎಂದು ಹೇಳಿದಾಗ ಆ ಅಪಾಯ ಎದ್ದು ಕಾಣುತ್ತಿತ್ತು. ಹಾಗಾಗಿ ನೀವು ಅಳೆಯುತ್ತಿರುವುದು ಘಟನೆಯನ್ನೋ, ಆ ಘಟನೆ ವ್ಯಕ್ತಿಯ ಮನಸ್ಸಿನಲ್ಲಿ ಉಳಿದಿರುವ ರೀತಿಯನ್ನೋ ಎಂಬುದನ್ನು ಸಾರಾಂಶ ಬರೆದುಕೊಡುವ ಮೊದಲೇ ನಿಶ್ಚಯಿಸಿಕೊಳ್ಳಿ. ಎರಡಕ್ಕೂ ಬೆಲೆಯಿದೆ, ಆದರೆ ಒಂದನ್ನು ಅಳೆದು ಇನ್ನೊಂದರ ಬಗ್ಗೆ ತೀರ್ಮಾನ ಬರೆಯಬಾರದು.

ಕಾರಣ ಮತ್ತು ಪರಿಣಾಮದ ವಿಷಯದಲ್ಲೂ ಅಷ್ಟೇ ಜಾಗರೂಕತೆ ಬೇಕು. ದೌರ್ಜನ್ಯ ನಡೆಯುವ ಮನೆಯಲ್ಲಿ ಹೆಚ್ಚಾಗಿ ಬಡತನ, ಹೆತ್ತವರ ಕಾಯಿಲೆ, ವಂಶವಾಹಿ ಎಲ್ಲವೂ ಜೊತೆಗೇ ಇರುತ್ತವೆ. ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ರೊಮೇನಿಯಾದ ಅನಾಥಾಲಯಗಳ ಮಕ್ಕಳ ಮೇಲೆ ನಡೆದ ಬುಕಾರೆಸ್ಟ್ ಅಧ್ಯಯನ ಇಲ್ಲಿ ಅಪರೂಪದ್ದು. ಅದರಲ್ಲಿ 136 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ಸಾಕು ಕುಟುಂಬಗಳಿಗೆ ಕಳುಹಿಸಲಾಯಿತು. ಮೊದಲ ಎರಡು ವರ್ಷಗಳೊಳಗೆ ಕುಟುಂಬ ಸೇರಿದ ಮಕ್ಕಳು ಬುದ್ಧಿಮತ್ತೆ, ಬಾಂಧವ್ಯಗಳಂಥ ಹಲವು ವಿಷಯಗಳಲ್ಲಿ ಹೆಚ್ಚು ಚೇತರಿಸಿಕೊಂಡರು. ಉಳಿದ ಅರ್ಧದಷ್ಟು ಮಕ್ಕಳನ್ನು ಇದ್ದಲ್ಲೇ ಬಿಟ್ಟು ನೋಡುವುದು ಸರಿಯೇ ಎಂಬ ಚರ್ಚೆ ಮಾತ್ರ ಇನ್ನೂ ನಿಂತಿಲ್ಲ, ನಿಲ್ಲಲೂಬಾರದು. ವಿಧಾನ ಗಟ್ಟಿಯಾಗಿದ್ದಷ್ಟೂ ನೀತಿಯ ಪ್ರಶ್ನೆ ಗಟ್ಟಿಯಾಗುವ ಕ್ಷೇತ್ರವಿದು. ಆ ಚರ್ಚೆಯನ್ನೂ ಓದಿಕೊಂಡು ಹೋಗಿ.

ಇನ್ನೊಂದು ಕಿವಿಮಾತು. ಬಾಲ್ಯದ ಕಷ್ಟ ಯಾರಲ್ಲಿ ಖಿನ್ನತೆಯಾಗುತ್ತದೆ ಎಂಬುದನ್ನು ಒಂದು ಜೀನ್ ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬ ಅರ್ಥ ಬರುವ ಲೇಖನ 2003ರಲ್ಲಿ ಬಂದಾಗ ಅದರ ಹಿಂದೆ ನೂರಾರು ಲೇಖನಗಳು ಬಂದವು. 2019ರಲ್ಲಿ ಬಾರ್ಡರ್ ಮತ್ತು ಸಂಗಡಿಗರು ಬಹುದೊಡ್ಡ ಮಾದರಿಗಳಲ್ಲಿ ಪರಿಶೀಲಿಸಿದಾಗ ಅಂಥ ಪ್ರತ್ಯೇಕ ಜೀನ್‌ಗಳ ಪಾತ್ರಕ್ಕೆ ಆಧಾರ ಸಿಗಲಿಲ್ಲ. ಹೊಸ ಫಲಿತಾಂಶ ಎಷ್ಟೇ ಆಕರ್ಷಕವಾಗಿ ಕಂಡರೂ ಅದರ ಮೇಲೆ ಇಡೀ ಥೀಸಿಸ್ ಕಟ್ಟಲು ಹೋಗಬೇಡಿ.

ಉತ್ತರ 2: ಸಂದರ್ಶಕರಿಗೆ ತರಬೇತಿ ಕೊಡುವ ಕ್ಷೇತ್ರಕಾರ್ಯ ಸಂಯೋಜಕ

ಪುಸ್ತಕದ ಓದನ್ನು ಮೇಡಂ ಹೇಳಿದ್ದಾರೆ. ಸಂದರ್ಶನದ ಕೋಣೆಯೊಳಗಿನ ಮಾತನ್ನು ನಾನು ಹೇಳುತ್ತೇನೆ.

‘ನೀನು ಹೇಳುವುದನ್ನು ಯಾರಿಗೂ ಹೇಳುವುದಿಲ್ಲ’ ಎಂಬ ವಾಕ್ಯವನ್ನು ನಮ್ಮ ತಂಡದಲ್ಲಿ ಯಾರೂ ಬಾಯಿಗೆ ತರುವುದಿಲ್ಲ. ಮಗುವಿನ ಮೇಲೆ ಈಗಲೂ ದೌರ್ಜನ್ಯ ನಡೆಯುತ್ತಿದೆ ಎಂದು ತಿಳಿದುಬಂದರೆ ಸಂಬಂಧಪಟ್ಟವರಿಗೆ ವರದಿ ಮಾಡುವುದು ಹಲವು ದೇಶಗಳಲ್ಲಿ ಕಾನೂನಿನ ಕಡ್ಡಾಯ. ಕಾನೂನು ಏನೇ ಇರಲಿ, ತಿಳಿದೂ ಸುಮ್ಮನೆ ಎದ್ದು ಬರುವುದು ಸಾಧ್ಯವಿಲ್ಲ. ಆದ್ದರಿಂದ ಮೊದಲ ಪ್ರಶ್ನೆಗೂ ಮುಂಚೆ ನಾವು ಹೇಳುವುದು ಹೀಗೆ: ‘ನೀನು ಹೇಳಿದ್ದರಲ್ಲಿ ನಿನ್ನ ಹೆಸರು ಎಲ್ಲಿಯೂ ಬರುವುದಿಲ್ಲ. ಆದರೆ ನಿನಗಾಗಲಿ ಬೇರೆ ಮಗುವಿಗಾಗಲಿ ಈಗ ಅಪಾಯವಿದೆ ಎಂದು ನನಗೆ ಗೊತ್ತಾದರೆ, ಕಾಪಾಡಬಲ್ಲವರಿಗೆ ನಾನು ತಿಳಿಸಲೇಬೇಕು. ತಿಳಿಸುವ ಮೊದಲು ನಿನಗೆ ಹೇಳುತ್ತೇನೆ. ಯಾವ ಪ್ರಶ್ನೆ ಬೇಡವೆನಿಸಿದರೂ ಬಿಟ್ಟು ಮುಂದೆ ಹೋಗಬಹುದು.’ ಹೇಳಿ ಮುಗಿಸಿದ ಮೇಲೆ, ಅರ್ಥವಾಯಿತೇ ಎಂದು ಕೇಳುವ ಬದಲು, ‘ನಾನು ಯಾವಾಗ ಬೇರೆಯವರಿಗೆ ತಿಳಿಸಬೇಕಾಗುತ್ತದೆ, ನೀನೇ ಒಮ್ಮೆ ಹೇಳು’ ಎನ್ನುತ್ತೇವೆ. ಮಕ್ಕಳು ಅರ್ಥವಾಗದಿದ್ದರೂ ತಲೆಯಾಡಿಸುವುದು ಸಹಜ, ಅದಕ್ಕಾಗಿ ಈ ಕ್ರಮ.

ಒಮ್ಮೆ ಒಬ್ಬ ಹುಡುಗಿ ಇದನ್ನು ತನ್ನ ಮಾತಿನಲ್ಲಿ ಸರಿಯಾಗಿ ತಿರುಗಿ ಹೇಳಿದಳು. ಮನೆಯಲ್ಲಿ ಯಾರಾದರೂ ಹೊಡೆಯುವುದುಂಟೇ ಎಂಬ ಭಾಗಕ್ಕೆ ಬಂದಾಗ, ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡುತ್ತ, ‘ಈ ಪುಟ ಬಿಟ್ಟುಬಿಡಿ’ ಎಂದಳು. ನಮ್ಮ ಸಂದರ್ಶಕಿ ಏಕೆ ಎಂದು ಕೇಳದೆ ಪುಟ ತಿರುವಿದರು. ಆ ಹುಡುಗಿ ತನಗಿದ್ದ ಹಕ್ಕನ್ನು ತಿಳಿದೇ ಬಳಸಿದ್ದಳು. ದತ್ತಾಂಶದಲ್ಲಿ ಒಂದು ಪುಟ ಖಾಲಿ ಉಳಿಯಿತು, ಉಳಿಯಬೇಕಾದದ್ದೂ ಹಾಗೆಯೇ. ಆದರೆ ಅಲ್ಲಿಗೆ ನಮ್ಮ ಹೊಣೆ ಮುಗಿಯಲಿಲ್ಲ. ಯಾವ ಪುಟವನ್ನು ಬಿಡಲಾಯಿತು ಎಂಬುದನ್ನು ಸಂದರ್ಶಕಿ ಅಂದೇ ತಂಡದ ಮನೋವೈದ್ಯರ ಗಮನಕ್ಕೆ ತಂದರು. ಮುಂದೆ ಏನು ಮಾಡಬೇಕೆಂಬ ತೀರ್ಮಾನ ಒಬ್ಬ ಸಂಶೋಧನಾ ವಿದ್ಯಾರ್ಥಿಯ ತಲೆಯ ಮೇಲೆ ಬೀಳಬಾರದು. ಯಾರಿಗೆ ಫೋನ್ ಮಾಡಬೇಕು, ಅವರು ಸಿಗದಿದ್ದರೆ ಯಾರಿಗೆ, ಎಷ್ಟು ಹೊತ್ತಿನೊಳಗೆ ಎಂಬುದು ಕಾಗದದ ಮೇಲೆ ಬರೆದು ನಿಮ್ಮ ಕೈಗೆ ಬರುವವರೆಗೆ ಮೊದಲ ಸಂದರ್ಶನಕ್ಕೆ ಹೋಗಬೇಡಿ.

ಹೊರಗಿನವರಿಗೆ ಹೊಳೆಯದ ಸಣ್ಣ ಸಂಗತಿಗಳು ಇಲ್ಲಿ ಬಹಳ ಇವೆ. ಅಧ್ಯಯನದ ಹೆಸರಿನಲ್ಲಿ ‘ದೌರ್ಜನ್ಯ’ ಎಂಬ ಪದ ಇದ್ದರೆ ಮನೆಗೆ ಹೋಗುವ ಒಪ್ಪಿಗೆ ಪತ್ರವೇ ಮಗುವಿಗೆ ಅಪಾಯ ತರಬಹುದು. ‘ಮಕ್ಕಳ ಆರೋಗ್ಯ ಮತ್ತು ಕುಟುಂಬ’ ಎಂಬಂಥ ಹೆಸರು ಹೊರಗೆ ಸಾಕು, ವಿವರವನ್ನು ಮುಖತಃ ಹೇಳಬೇಕು. ಸಹಾಯವಾಣಿಯ ಸಂಖ್ಯೆಗಳಿರುವ ಚೀಟಿಯನ್ನು ‘ಹೌದು’ ಎಂದ ಮಕ್ಕಳಿಗೆ ಮಾತ್ರ ಕೊಟ್ಟರೆ ಆ ಚೀಟಿಯೇ ಎಲ್ಲವನ್ನೂ ಬಯಲು ಮಾಡುತ್ತದೆ. ಎಲ್ಲರಿಗೂ ಒಂದೇ ಚೀಟಿ ಕೊಡಬೇಕು, ಅದರಲ್ಲಿ ಓದು, ಆರೋಗ್ಯ, ಪರೀಕ್ಷೆಯ ಒತ್ತಡ ಹೀಗೆ ಹತ್ತು ವಿಷಯಗಳ ನಡುವೆ ಈ ಸಂಖ್ಯೆಯೂ ಇರಬೇಕು. ಮಗುವಿಗೆ ಬಾಗಿಲು ಕಾಣುವಂತೆ ಕುರ್ಚಿ ಹಾಕಿ. ಅಳು ಬಂದ ಕೂಡಲೇ ಟಿಶ್ಯೂ ಮುಂದಕ್ಕೆ ಚಾಚಿದರೆ ‘ಸಾಕು, ಅಳಬೇಡ’ ಎಂಬ ಅರ್ಥವೂ ಬರುತ್ತದೆ; ಅದನ್ನು ಮೊದಲೇ ಕೈಗೆಟಕುವಂತೆ ಇಟ್ಟು ಸುಮ್ಮನೆ ಕಾಯುವುದು ಒಳ್ಳೆಯದು. ಕಷ್ಟದ ಪ್ರಶ್ನೆಗಳು ಮಧ್ಯದಲ್ಲಿರಲಿ. ಸಂದರ್ಶನ ಮುಗಿಯುವಾಗ ಮಗು ಗೆಳೆಯರ ಬಗ್ಗೆಯೋ ಇಷ್ಟದ ಆಟದ ಬಗ್ಗೆಯೋ ಮಾತಾಡುತ್ತಿರಬೇಕು.

ಕೇಳುವುದರಿಂದಲೇ ಹಾನಿಯಾಗುತ್ತದೆ ಎಂಬ ಭಯ, ಸಂಶೋಧನೆಗೆ ಒಪ್ಪಿಗೆ ಕೊಡುವ ಅನೇಕ ನೈತಿಕ ಸಮಿತಿಗಳಲ್ಲಿದೆ. 2015ರಲ್ಲಿ ಜಾಫೆ ಮತ್ತು ಸಂಗಡಿಗರು ಇಂಥ ಅಧ್ಯಯನಗಳನ್ನು ಒಟ್ಟಾಗಿ ವಿಶ್ಲೇಷಿಸಿದಾಗ, ಆಘಾತದ ಬಗ್ಗೆ ಕೇಳಿದಾಗ ಆ ಹೊತ್ತಿಗೆ ಸ್ವಲ್ಪ ಮನಕಲಕಿದರೂ ಒಟ್ಟಾರೆ ಪಾಲ್ಗೊಂಡವರು ವಿಷಾದಿಸಲಿಲ್ಲ, ಅದನ್ನು ಒಳ್ಳೆಯ ಅನುಭವವೆಂದೇ ಕಂಡರು. ಸಮಿತಿಯ ಮುಂದೆ ಈ ಆಧಾರವನ್ನು ಇಡಬಹುದು. ಅದನ್ನು ಇಟ್ಟ ಮಾತ್ರಕ್ಕೆ ಮೇಲೆ ಹೇಳಿದ ಏರ್ಪಾಡುಗಳಲ್ಲಿ ಒಂದನ್ನೂ ಕಡಿಮೆ ಮಾಡುವಂತಿಲ್ಲ.

ನೀವು ಅಲ್ಲಿ ಆಪ್ತಸಮಾಲೋಚಕರಲ್ಲ ಎಂಬುದನ್ನೂ ಮರೆಯಬೇಡಿ. ಸಾಂತ್ವನ ಹೇಳುವ ತರಬೇತಿ ಇದ್ದವರಿಗೆ ಈ ಗಡಿ ಇನ್ನೂ ಕಷ್ಟ. ಒಂದು ಗಂಟೆ ಚಿಕಿತ್ಸೆಯಂತೆ ಮಾತಾಡಿ ಮತ್ತೆಂದೂ ಸಿಗದೆ ಹೋಗುವವರಿಗಿಂತ, ಗಮನವಿಟ್ಟು ಕೇಳಿ, ಸರಿಯಾದವರ ಬಳಿ ಕರೆದೊಯ್ದು ಬಿಡುವವರಿಂದ ಮಗುವಿಗೆ ಹೆಚ್ಚು ಉಪಕಾರವಾಗುತ್ತದೆ.

ಉತ್ತರ 3: ಧ್ವನಿಮುದ್ರಿಕೆಗಳನ್ನು ಬರಹಕ್ಕಿಳಿಸಿ ವಿಶ್ಲೇಷಿಸುವ ಸಂಶೋಧನಾ ಸಹಾಯಕಿ

ಸಂದರ್ಶನ ಮಾಡುವವರ ಮನಸ್ಸಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ರೆಕಾರ್ಡಿಂಗ್ ಕೇಳಿ ಟೈಪ್ ಮಾಡುವವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಂದರ್ಶಕರು ಒಂದು ವಾಕ್ಯವನ್ನು ಒಮ್ಮೆ ಕೇಳುತ್ತಾರೆ, ಎದುರಿಗೆ ಆ ವ್ಯಕ್ತಿಯ ಮುಖವಿರುತ್ತದೆ, ಕೊನೆಗೆ ಆತ ಎದ್ದು ನಡೆದು ಹೋಗುವುದನ್ನೂ ನೋಡುತ್ತಾರೆ. ನಾವು ಅದೇ ವಾಕ್ಯವನ್ನು ಹಿಂದೆ ಮುಂದೆ ಓಡಿಸಿ ಹಲವು ಸಲ ಕೇಳುತ್ತೇವೆ, ಕಿವಿಯೊಳಗೇ ಕೇಳುತ್ತೇವೆ, ಆಮೇಲೆ ಅವರಿಗೆ ಏನಾಯಿತೆಂದು ನಮಗೆ ತಿಳಿಯುವುದಿಲ್ಲ. ಪಿಎಚ್‌ಡಿಯಲ್ಲಿ ನೀವೇ ಎರಡೂ ಕೆಲಸ ಮಾಡುತ್ತೀರಿ, ಆದ್ದರಿಂದ ಇದನ್ನು ಹೇಳುತ್ತಿದ್ದೇನೆ.

ಆಘಾತಕ್ಕೆ ಒಳಗಾದವರ ಮಾತು ಕೇಳುತ್ತ ಕೇಳುತ್ತ ಕೇಳುವವರ ನಂಬಿಕೆಗಳೇ, ಅಂದರೆ ಜಗತ್ತು ಸುರಕ್ಷಿತ, ಜನರನ್ನು ನಂಬಬಹುದು ಎಂಬಂಥವು, ಅಲುಗಾಡುವುದನ್ನು ಮಕ್ಯಾನ್ ಮತ್ತು ಪರ್ಲ್‌ಮನ್ 1990ರಲ್ಲೇ ವಿವರಿಸಿದ್ದಾರೆ. ನನ್ನಲ್ಲಿ ಅದು ಅಳುವಾಗಿ ಬರಲಿಲ್ಲ. ಅಕ್ಕನ ಮಗುವನ್ನು ಯಾರಾದರೂ ನೆಂಟರು ಎತ್ತಿಕೊಂಡರೆ ಅವರ ಕೈಗಳನ್ನೇ ನೋಡುತ್ತ ಕೂರುವ ಅಭ್ಯಾಸವಾಗಿತ್ತು. ನಮ್ಮ ಮುಖ್ಯಸ್ಥರೊಂದಿಗೆ ಮಾತಾಡಿದ ಮೇಲೆ ಕೆಲವು ನಿಯಮ ಮಾಡಿಕೊಂಡೆವು, ಅವು ಈಗ ಇಡೀ ತಂಡಕ್ಕೆ ಅನ್ವಯಿಸುತ್ತವೆ. ರೆಕಾರ್ಡಿಂಗ್‌ಗಳನ್ನು ಮನೆಗೆ ಒಯ್ಯುವಂತಿಲ್ಲ, ಸಂಜೆಯ ನಂತರ ಕೇಳುವಂತಿಲ್ಲ. ಪ್ರತಿ ಕಡತದ ಮೇಲೆ ಸಂದರ್ಶಕರು ಒಳಗೆ ಏನಿದೆಯೆಂದು ಒಂದು ಸಾಲು ಬರೆದಿಡುತ್ತಾರೆ, ಹಾಗಾಗಿ ಏನೂ ತಿಳಿಯದೆ ಅದರೊಳಗೆ ಕಾಲಿಡುವ ಪ್ರಸಂಗವಿಲ್ಲ. ಭಾರವಾದ ಕಡತದ ನಂತರ ಅಂಕಿಅಂಶದ ಕೆಲಸ.

ಒಂದೇ ದಿನ ಎಲ್ಲರನ್ನೂ ಕೂರಿಸಿ ಮನಸ್ಸು ಬಿಚ್ಚಿ ಮಾತಾಡಿಸಿ ಕಳುಹಿಸುವ ಏರ್ಪಾಡು ಮಾಡಿ ಕೈ ತೊಳೆದುಕೊಳ್ಳುವ ವಿಭಾಗಗಳಿವೆ. ಆಘಾತದ ನಂತರದ ಅಂಥ ಒಂದು ಬಾರಿಯ ಮಾತುಕತೆಯಿಂದ, ಆಘಾತದ ನೆನಪು ಮರುಕಳಿಸಿ ಕಾಡುವ ಕಾಯಿಲೆಯಾದ ಪಿಟಿಎಸ್‌ಡಿ ತಡೆಯಲಾಗುವುದಿಲ್ಲವೆಂದು ಚಿಕಿತ್ಸೆಗಳ ಬಗೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ವಿಮರ್ಶೆ ಬಹಳ ಹಿಂದೆಯೇ ಹೇಳಿದೆ. ನಿಯಮಿತವಾಗಿ, ಅದೇ ವ್ಯಕ್ತಿಯೊಂದಿಗೆ, ಕೆಲಸದ ಸಮಯದಲ್ಲೇ ನಡೆಯುವ ಭೇಟಿಯನ್ನು ಕೇಳಿ ಪಡೆಯಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇಂಥ ನಿಯಮಗಳನ್ನು ಹೊಸಬಳಾದ ನಾನು ಕೇಳಿದರೆ, ಈ ಕೆಲಸಕ್ಕೆ ಗಟ್ಟಿ ಮನಸ್ಸಿಲ್ಲದವಳು ಎಂದು ಗೈಡ್ ಅಂದುಕೊಳ್ಳುವುದಿಲ್ಲವೇ?

ಉತ್ತರ 2ರ ಸಂಯೋಜಕ

ನಿಮಗಾಗಿ ಎಂದು ಕೇಳಬೇಡಿ, ಯೋಜನೆಯ ಭಾಗವಾಗಿ ಕೇಳಿ. ನೈತಿಕ ಸಮಿತಿಗೆ ಸಲ್ಲಿಸುವ ಅರ್ಜಿಯಲ್ಲಿ ಸಂಶೋಧಕರ ಸುರಕ್ಷತೆಯ ಬಗ್ಗೆ ಏನು ಬರೆಯೋಣ, ವಾರಕ್ಕೆ ಹೆಚ್ಚೆಂದರೆ ಎಷ್ಟು ಸಂದರ್ಶನಗಳೆಂದು ನಮೂದಿಸೋಣ, ಮೇಲ್ವಿಚಾರಣೆಗೆ ಬಜೆಟ್‌ನಲ್ಲಿ ಹಣ ಇಟ್ಟಿದ್ದೀರಾ ಎಂದು ಕೇಳಿದರೆ ಒಳ್ಳೆಯ ಗೈಡ್ ಸಂತೋಷಪಡುತ್ತಾರೆ. ಆ ಪ್ರಶ್ನೆಗೆ ಮುಖ ಸಿಂಡರಿಸಿದರೆ, ಸೇರುವ ಮೊದಲೇ ನಿಮಗೆ ಬೇಕಾದ ಮಾಹಿತಿ ಸಿಕ್ಕಂತಾಯಿತು. ಈಗ ಅದೇ ತಂಡದಲ್ಲಿರುವ ವಿದ್ಯಾರ್ಥಿಗಳನ್ನು ಪ್ರತ್ಯೇಕವಾಗಿ ಭೇಟಿ ಮಾಡಿ, ಕಷ್ಟದ ಸಂದರ್ಶನ ನಡೆದ ದಿನ ಸಂಜೆ ಅವರು ಯಾರಿಗೆ ಫೋನ್ ಮಾಡುತ್ತಾರೆಂದು ಕೇಳಿ. ತಂಡದೊಳಗಿನ ಒಬ್ಬರ ಹೆಸರು ಥಟ್ಟನೆ ಬರಬೇಕು.

ಉತ್ತರ 4: ಇದೇ ಕ್ಷೇತ್ರದಲ್ಲಿರುವ, ಬಾಲ್ಯದಲ್ಲಿ ಕಷ್ಟ ಕಂಡ ಸಂಶೋಧಕಿ

ನಿಮ್ಮ ಮೂರನೆಯ ಪ್ರಶ್ನೆಯನ್ನು ಓದಿ ಬರೆಯದೆ ಇರಲಾಗಲಿಲ್ಲ.

ಹೇಳಲೇಬೇಕೆಂಬ ಬಾಧ್ಯತೆ ನಿಮಗಿಲ್ಲ. ನಿಮ್ಮನ್ನು ಆಯ್ಕೆ ಮಾಡುವ ಸಮಿತಿಗೆ ಅದನ್ನು ಕೇಳುವ ಹಕ್ಕೂ ಇಲ್ಲ. ಅರ್ಜಿಯ ಜೊತೆಗಿನ ಬರಹದಲ್ಲಿ ಅದನ್ನು ಬರೆಯುವ ಮುನ್ನ, ಆ ಬರಹವನ್ನು ಎಷ್ಟು ಜನ ಓದುತ್ತಾರೆ, ನಾಳೆ ಅವರೊಂದಿಗೇ ವರ್ಷಗಟ್ಟಲೆ ಕೆಲಸ ಮಾಡಬೇಕು ಎಂಬುದನ್ನು ಯೋಚಿಸಿ. ಒಮ್ಮೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು. ಹೇಳದಿದ್ದದ್ದನ್ನು ಯಾವಾಗ ಬೇಕಾದರೂ ಹೇಳಬಹುದು. ನಾನು ನನ್ನ ಗೈಡ್‌ಗೆ ಹೇಳಿದ್ದು ಇಷ್ಟೇ: ‘ಒಂದು ನಿರ್ದಿಷ್ಟ ಬಗೆಯ ಪ್ರಕರಣಗಳ ಸಂದರ್ಶನ ನನಗೆ ಬೇಡ, ಕಾರಣ ವೈಯಕ್ತಿಕ, ಅದರ ಬದಲಿಗೆ ಬೇರೆ ಕೆಲಸ ಹೆಚ್ಚು ಮಾಡುತ್ತೇನೆ.’ ಅವರು ಕಾರಣ ಕೇಳಲಿಲ್ಲ. ಕೆಲಸ ಹಂಚುವುದಕ್ಕೆ ಅವರಿಗೆ ಬೇಕಾಗಿದ್ದ ಮಾಹಿತಿ ಅಷ್ಟೇ.

ಸೇರುವ ಮೊದಲು ಇದೊಂದನ್ನು ಮಾಡಿ. ಆ ತಂಡ ಬಳಸುವ ಪ್ರಶ್ನಾವಳಿಗಳನ್ನು ತರಿಸಿಕೊಂಡು, ನಿಮಗೆ ನೆಮ್ಮದಿಯಿರುವ ಜಾಗದಲ್ಲಿ, ನಂಬಿಕೆಯ ಒಬ್ಬರು ಹತ್ತಿರದಲ್ಲಿರುವಾಗ ಪೂರ್ತಿ ಓದಿ. ಸಿಟಿಕ್ಯು ಎಂಬ, ಬಹಳ ಕಡೆ ಬಳಕೆಯಲ್ಲಿರುವ ಪ್ರಶ್ನಾವಳಿಯ ಸಂಕ್ಷಿಪ್ತ ರೂಪದಲ್ಲಿ 28 ವಾಕ್ಯಗಳಿವೆ; ಬಾಲ್ಯದಲ್ಲಿ ಇದು ನನಗೆ ಎಷ್ಟರ ಮಟ್ಟಿಗೆ ನಿಜವಾಗಿತ್ತು ಎಂದು ಪ್ರತಿಯೊಂದಕ್ಕೂ ಉತ್ತರಿಸಬೇಕು. ತರಬೇತಿಯ ದಿನ ಎಲ್ಲರ ಮುಂದೆ ಅವನ್ನು ಗಟ್ಟಿಯಾಗಿ ಓದಿಸುತ್ತಾರೆ. ಅಲ್ಲಿ ಮೊದಲ ಬಾರಿಗೆ ಎದುರಾಗುವುದು ಬೇಡ.

ನಿಮ್ಮ ಅನುಭವ ನಿಮ್ಮನ್ನು ಈ ಕೆಲಸಕ್ಕೆ ಅನರ್ಹರನ್ನಾಗಿ ಮಾಡುವುದಿಲ್ಲ. ಹಾಗೆಯೇ, ಎದುರಿಗಿರುವವರ ಅನುಭವ ನಿಮಗೆ ತಾನಾಗಿಯೇ ತಿಳಿಯುತ್ತದೆ ಎಂಬ ಭರವಸೆಯನ್ನೂ ಅದು ಕೊಡುವುದಿಲ್ಲ. ಅವರು ಅರ್ಧ ಹೇಳಿದ ವಾಕ್ಯವನ್ನು ನಿಮ್ಮ ನೆನಪಿನಿಂದ ಪೂರ್ತಿ ಮಾಡುವ ಆಸೆ ಬರುತ್ತದೆ; ಆಗ ‘ಅಂದರೆ ಹೇಗೆ?’ ಎಂದು ಕೇಳಿ ಕಾಯುವುದನ್ನು ರೂಢಿಸಿಕೊಳ್ಳಿ. ವಿಶ್ಲೇಷಣೆಯ ಹಂತದಲ್ಲಿ ನಿಮ್ಮ ಕೋಡಿಂಗ್ ಅನ್ನು (ಸಂದರ್ಶನದ ಮಾತುಗಳನ್ನು ವಿಷಯವಾರು ಗುರುತಿಸಿ ವಿಂಗಡಿಸುವುದನ್ನು) ಇನ್ನೊಬ್ಬರು ಸ್ವತಂತ್ರವಾಗಿ ಮಾಡಿ ಹೋಲಿಸಿದರೆ ಈ ವಿಷಯದಲ್ಲಿ ಮನಸ್ಸು ಹಗುರವಾಗುತ್ತದೆ. ಮಾತಾಡಲು ಒಬ್ಬ ಸಮಾಲೋಚಕರನ್ನು ಈಗಲೇ ಗೊತ್ತುಮಾಡಿಕೊಳ್ಳಿ, ಅವರು ನಿಮ್ಮ ವಿಭಾಗದವರಾಗಿರದಿರಲಿ. ಈ ಕ್ಷೇತ್ರ ಚಿಕ್ಕದು. ಇಂದಿನ ಸಮಾಲೋಚಕರು ನಾಳೆ ನಿಮ್ಮ ಪರೀಕ್ಷಕರಾಗಬಹುದು.

ಉತ್ತರ 5: ಅಂಕಿಅಂಶಗಳ ಮೇಲೆ ಕೆಲಸ ಮಾಡುವ ಸಹಾಯಕ ಪ್ರಾಧ್ಯಾಪಕ

ಮೊದಲ ಉತ್ತರದ ಮೇಡಂ ಹೇಳಿದ್ದರಲ್ಲಿ ಒಂದಕ್ಕೆ ಸ್ವಲ್ಪ ಸೇರಿಸಬೇಕಿದೆ. ಬಾಲ್ಯದಿಂದಲೇ ಹಿಂಬಾಲಿಸುವ ಅಧ್ಯಯನ ಹೆಚ್ಚು ಗಟ್ಟಿ ಎಂಬುದನ್ನು ಓದಿದ ಹೊಸಬರು, ವಯಸ್ಕರನ್ನು ಸಂದರ್ಶಿಸುವ ತಮ್ಮ ಕೆಲಸವೇ ಎರಡನೆಯ ದರ್ಜೆಯದು ಎಂದು ಕುಗ್ಗುವುದನ್ನು ಕಂಡಿದ್ದೇನೆ. ಚಿಕಿತ್ಸೆಗೆ ಬರುವವರು ತಮ್ಮ ನೆನಪನ್ನೇ ಹೊತ್ತು ತರುತ್ತಾರೆ. ಆ ನೆನಪಿನೊಂದಿಗೆ ಅವರು ಹೇಗೆ ಬದುಕುತ್ತಿದ್ದಾರೆ ಎಂಬುದು ಸಂದರ್ಶನದಿಂದಲ್ಲದೆ ಇನ್ನೊಂದು ವಿಧದಿಂದ ತಿಳಿಯುವುದಿಲ್ಲ.

ಕಾಲದ ವಿಷಯ ಹೇಳುತ್ತೇನೆ. ನ್ಯೂಜಿಲೆಂಡ್‌ನ ಡ್ಯುನೆಡಿನ್ ಅಧ್ಯಯನ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಐವತ್ತು ವರ್ಷಗಳಿಂದ ಹಿಂಬಾಲಿಸುತ್ತಿದೆ. ಪಿಎಚ್‌ಡಿಯ ಅವಧಿಯಲ್ಲಿ ಅಂಥದ್ದನ್ನು ಆರಂಭಿಸುವುದು ಅಸಾಧ್ಯ. ಆದರೆ ಇಂಥ ಹಲವು ಅಧ್ಯಯನಗಳ ದತ್ತಾಂಶವನ್ನು ಅರ್ಜಿ ಹಾಕಿ, ಷರತ್ತುಗಳಿಗೆ ಒಪ್ಪಿ ಬಳಸಿಕೊಳ್ಳಬಹುದು. ಹಾಗೆ ಬಳಸುವಾಗ, ನಡುವೆ ಬಿಟ್ಟುಹೋದವರು ಯಾರೆಂದು ಮೊದಲು ನೋಡಿ. ಹೆಚ್ಚು ಕಷ್ಟದಲ್ಲಿರುವವರೇ ಸಾಮಾನ್ಯವಾಗಿ ಮೊದಲು ಕೈಬಿಟ್ಟುಹೋಗುವುದು. ಉಳಿದವರನ್ನು ಮಾತ್ರ ಲೆಕ್ಕ ಹಾಕಿದರೆ ಬಾಲ್ಯದ ಹಾನಿ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಕಾಣೆಯಾದ ದತ್ತಾಂಶವನ್ನು ನಿಭಾಯಿಸುವ ವಿಧಾನಗಳನ್ನು ಕಲಿಯಲು ಈ ಮೊದಲ ವರ್ಷಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

ಮಕ್ಕಳನ್ನು ಒಳಗೊಂಡ ಇಂಥ ವಿಷಯಕ್ಕೆ ನೈತಿಕ ಸಮಿತಿಯ ಒಪ್ಪಿಗೆ ತಿಂಗಳುಗಟ್ಟಲೆ ತಡವಾಗುವುದು ಮಾಮೂಲು, ಫೆಲೋಶಿಪ್‌ನ ಗಡುವು ಮಾತ್ರ ಅದಕ್ಕಾಗಿ ಕಾಯುವುದಿಲ್ಲ. ಆದ್ದರಿಂದ ಮೊದಲ ಅಧ್ಯಾಯವನ್ನು ಈಗಾಗಲೇ ಲಭ್ಯವಿರುವ ದತ್ತಾಂಶದ ಮೇಲೆ ಬರೆಯಲು ಗೈಡ್‌ರ ಒಪ್ಪಿಗೆ ಕೇಳಿ. ಒಪ್ಪಿಗೆ ಬರುವವರೆಗಿನ ತಿಂಗಳುಗಳಲ್ಲಿ ಆ ಅಧ್ಯಾಯ ಮುಗಿಯುತ್ತದೆ, ಸಂದರ್ಶಕರ ತರಬೇತಿಯನ್ನೂ ಅವಸರವಿಲ್ಲದೆ ಮುಗಿಸಿಕೊಳ್ಳಬಹುದು.